ದಾವಣಗೆರೆ ಬೀಗರ ಮುಂದೆ ಬಿಡೋಕೆ ದುರ್ಗದ ಬಗ್ಗೆ ಒಳ್ಳೆ ಬುರುಡೆ ಇತಿಹಾಸ ಬೇಕು, ಸಹಾಯ ಮಾಡ್ರಿ

ಕೋಟೆ_ಮಗಳು

ಎಲ್ರಿಗೂ ನಮಸ್ಕಾರ, ಚಿತ್ರದುರ್ಗದವರು ದಾವಣಗೆರೆಯವರು ಇಬ್ರೂ ಇಲ್ಲಿ ಇದೀರಿ ಅಂತ ಧೈರ್ಯ ಮಾಡಿ ಕೇಳ್ತಿದೀನಿ. ನಮ್ಮಕ್ಕನ್ನ ದಾವಣಗೆರೆಗೆ ಕೊಟ್ಟಿರೋದು, ಬರೋ ತಿಂಗಳು ದುರ್ಗದಲ್ಲಿ ನಮ್ಮನೆ ಗೃಹಪ್ರವೇಶ, ಬೀಗರ ಕಡೆಯವರೆಲ್ಲ ಹಿಂದಿನ ದಿನ ಸಂಜೆನೇ ಬಂದು ಉಳ್ಕೊಳ್ತಾರೆ. ರಾತ್ರಿ ಊಟ ಆದ್ಮೇಲೆ ಹುಡುಗ್ರು ಹುಡುಗೀರು ಎಲ್ಲ ಸೇರಿ ಆಡೋಕೆ ಒಂದು ಆಟ ಇಟ್ಕೊಂಡಿದೀವಿ. ಎರಡು ಟೀಮು, ದುರ್ಗ ಮತ್ತೆ ದಾವಣಗೆರೆ. ಒಂದೊಂದು ಸುತ್ತಿಗೆ ತಮ್ಮೂರ ಇತಿಹಾಸದ ಬಗ್ಗೆ ಮೂರು ವಿಷಯ ಹೇಳ್ಬೇಕು, ಎರಡು ನಿಜ ಒಂದು ಬುರುಡೆ. ಬುರುಡೆ ಯಾವುದು ಅಂತ ಎದುರಿನವರು ಹಿಡಿದ್ರೆ ಪಾಯಿಂಟ್ ಅವರಿಗೆ, ಹಿಡೀಲಿಲ್ಲ ಅಂದ್ರೆ ನಮಗೆ.

ನಾನು ಕೂತು ಯೋಚ್ನೆ ಮಾಡಿ ಎರಡು ಮಾಡ್ಕೊಂಡಿದೀನಿ. ಏಳು ಸುತ್ತಿನ ಕೋಟೆ ಕಟ್ಟಿದ್ದೇ ಬೀಗರಿಗೋಸ್ಕರ, ಏಳು ಸುತ್ತು ದಾಟಿ ಮೇಲೆ ಹತ್ತಿ ಬರೋ ಅಷ್ಟ್ರಲ್ಲಿ ಹೊಟ್ಟೆ ಚುರುಗುಟ್ಟಿ ಏನ್ ಬಡಿಸಿದ್ರೂ ಹೆಸರಿಡ್ದೆ ಉಣ್ಲಿ ಅಂತ. ಇನ್ನೊಂದು, ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಸಿರೋದು ಕರೆಂಟಿಗಲ್ಲ, ಬೇಸಿಗೇಲಿ ಬಂಡೆ ಕಾದು ಊರೆಲ್ಲ ಬೇಯುತ್ತಲ್ಲ, ಅದಕ್ಕೆ ಹಾಕ್ಸಿದ ಫ್ಯಾನು. ಎರಡಕ್ಕೂ ನಗು ಬರುತ್ತೆ ಆದ್ರೆ ಐದನೇ ಕ್ಲಾಸ್ ಹುಡುಗನೂ ಹಿಡಿದುಬಿಡ್ತಾನೆ, ಪಾಯಿಂಟ್ ಎಲ್ಲ ಅವರಿಗೇ ಹೋಗುತ್ತೆ.

ನನಗೆ ಬೇಕಾಗಿರೋದು ಕೇಳಿದ ಕೂಡ್ಲೆ ಇರ್ಬಹುದೇನೋ ಅನ್ನಿಸ್ಬೇಕು, ಗೊತ್ತಾದ್ಮೇಲೆ ಎಲ್ರೂ ಬಿದ್ದು ಬಿದ್ದು ನಗ್ಬೇಕು ಅಂಥದ್ದು. ಜೊತೆಗೆ ನಿಜವಾಗಿದ್ರೂ ಬುರುಡೆ ತರ ಕೇಳಿಸೋ ವಿಷಯಾನೂ ಬೇಕು. ದೊಡ್ಡವರೂ ಅಲ್ಲೇ ಕೂತಿರ್ತಾರೆ, ಬೀಗರ ಮನೆ ಅಜ್ಜಿನೂ ಬರ್ತಾರೆ, ಯಾರಿಗೂ ನೋವಾಗೋ ಹಂಗೆ ಬೇಡ. ನಮ್ಮಪ್ಪಂಗೆ ಕೋಟೆ ಅಂದ್ರೆ ಪ್ರಾಣ, ಸುಮ್ನೆ ಏನೋ ಒಂದು ಹೇಳಿದ್ರೆ ಅವ್ರೇ ಎದ್ದು ನಿಂತು ಎಲ್ಲಾರ ಮುಂದೆ ಸರಿ ಮಾಡ್ತಾರೆ, ಆಟ ಅಲ್ಲಿಗೇ ಮುಗೀತು!

ಬತ್ತೇರಿ_ಬಸ್ಯ

ಅಕ್ಕ, ನಾನು ದಿನಾ ಬೆಳಿಗ್ಗೆ ಕೋಟೆ ಹತ್ತೋನು, ಹೇಳ್ತೀನಿ ಕೇಳಿ. ಬುರುಡೆ ನಿಲ್ಬೇಕು ಅಂದ್ರೆ ಅದಕ್ಕೆ ಕಲ್ಲಿನ ಸಾಕ್ಷಿ ಇರ್ಬೇಕು, ಬೇಕಾದ್ರೆ ನಾಳೆ ಬೆಳಿಗ್ಗೆ ಕರ್ಕೊಂಡೋಗಿ ತೋರಿಸ್ತೀನಿ ಬನ್ನಿ ಅನ್ನೋ ಹಂಗಿರ್ಬೇಕು. ನಿಮ್ಮ ಫ್ಯಾನಿಗೆ ಅಂಥ ಸಾಕ್ಷಿ ಇಲ್ಲ. ದಾವಣಗೆರೆಯವರ ಮುಂದೆ ಹೇಳೋಕೆ ಒಂದೇ ಒಂದು ವಿಷಯ ಸರಿಯಾಗಿರೋದು, ಬೆಣ್ಣೆ ದೋಸೆ ಹುಟ್ಟಿದ್ದು ದುರ್ಗದ ಕೋಟೆ ಒಳಗೆ.

ಹೆಂಗೆ ಕಟ್ಬೇಕು ಅಂದ್ರೆ, ಕೋಟೆ ಒಳಗೆ ಹೋಗ್ತಾ ನೆಲದಿಂದ ಕೆಳಕ್ಕೆ ಕಲ್ಲು ಕಟ್ಟಿದ ಒಂದು ದೊಡ್ಡ ಗುಂಡಿ ಐತೆ, ಒಳಗೆ ನಾಲ್ಕು ಭಾರಿ ಬೀಸೋ ಕಲ್ಲು. ಮೇಲೆ ಕಟ್ಟೆ ಅಂಚಿಗೆ ನಿಂತು ಬಗ್ಗಿ ನೋಡಿದ್ರೆ ಮನುಷ್ಯರ ಕೈಲಿ ಅಲ್ಲಾಡೋ ಕಲ್ಲಲ್ಲ ಅಂತ ಗೊತ್ತಾಗುತ್ತೆ, ಆನೆ ಕಟ್ಟೋ ಕೋಣ ಕಟ್ಟೋ ತಿರುಗಿಸ್ತಿದ್ರು ಅಂತ ಗೈಡ್‌ಗಳು ಹೇಳ್ತಾರೆ. ಅದು ತೋಪಿಗೆ ಬಂದೂಕಿಗೆ ಹಾಕೋ ಮದ್ದು ಅರೆಯೋಕೆ ಇಟ್ಟಿದ್ದು, ಅದು ನಿಜ. ನೀವು ಏನ್ ಹೇಳ್ಬೇಕು ಅಂದ್ರೆ, ಅದು ಸೈನ್ಯಕ್ಕೆ ದೋಸೆ ಹಿಟ್ಟು ರುಬ್ಬೋ ಕಲ್ಲು, ಸಂಜೆ ಅಕ್ಕಿ ಉದ್ದು ಹಾಕಿ ರಾತ್ರಿಯೆಲ್ಲ ಆನೆ ತಿರುಗಿಸಿದ್ರೆ ಬೆಳಿಗ್ಗೆಗೆ ಹುಳಿ ಬಂದಿರೋದು. ಮುಂದೆ ಎಣ್ಣೆ ಕೊಳ ಐತಲ್ಲ, ಅದು ನಿಜವಾಗ್ಲೂ ಎಣ್ಣೆ ತುಂಬಿಡೋಕೆ ಮಾಡಿದ ಕೊಳಾನೇ, ಅದನ್ನ ಕಾವಲಿಗೆ ಸವರೋ ಎಣ್ಣೆ ಅನ್ನಿ. ಮೇಲೆ ತುಪ್ಪದ ಕೊಳ ಅನ್ನೋ ಹೆಸರಿನ ಬತ್ತೇರಿ, ಅಂದ್ರೆ ಕಾವಲು ಬುರುಜು, ಹೆಂಗೂ ಐತೆ, ಬೆಣ್ಣೆ ಮಿಕ್ಕಿದ್ದನ್ನೆಲ್ಲ ಕಾಯ್ಸಿ ಅಲ್ಲಿ ತುಂಬಿಡ್ತಿದ್ರು ಅನ್ನಿ. ಹಿಟ್ಟು, ಎಣ್ಣೆ, ತುಪ್ಪ ಮೂರಕ್ಕೂ ಜಾಗ ಸಿಕ್ತು, ಹೆಸರು ನಾವು ಇಟ್ಟಿದ್ದಲ್ಲ, ಊರೇ ಇಟ್ಟಿರೋದು.

ತುಪ್ಪದ ಕೊಳಕ್ಕೆ ಹತ್ತೋ ಬಂಡೆ ನೋಡಿದೀರಲ್ಲ, ಕಾಲ್ಬೆರಳು ಊರೋ ಅಷ್ಟು ಕಚ್ಚು ಕೊರೆದಿದಾರೆ ಅಷ್ಟೇ, ಹಿಡ್ಕೊಳ್ಳೋಕೆ ಏನೂ ಇಲ್ಲ. ಅಲ್ಲಿ ಮಾತ್ರ ಅವ್ರಿಗೆ ಡೌಟ್ ಬರುತ್ತೆ, ತುಪ್ಪದ ಕೊಡ ಹೊತ್ಕೊಂಡು ಇದನ್ನ ಹೆಂಗೆ ಹತ್ತಿದ್ರು ಅಂತ. ಅದಕ್ಕೆ ಉತ್ತರ ರೆಡಿ ಇಟ್ಕೊಳ್ಳಿ, ಕೊಡ ಬೀಳಿಸ್ದೆ ಹತ್ತಿದವನಿಗೆ ಮಾತ್ರ ಸೈನ್ಯದಲ್ಲಿ ಕೆಲಸ.

ದಾವಣಗೆರೆ_ಖಾರ

ನಾ ದಾವಣಗೆರಿಯವ, ಆದ್ರೂ ಹೇಳ್ತೀನಿ, ಕೋಟೆ ಮಗಳೇ ಇದನ್ನ ಬಿಡಬ್ಯಾಡ, ಭಾಳ ಚಲೋ ಐತಿ. ಒಂದು ಮಾತು, ದೋಸೆ ಅಂತ ಮೊದ್ಲ ಬಾಯಿಂದ ಬಂತಂದ್ರ ನಮ್ಮವ್ರು ಆಟ ಪಾಟ ಎಲ್ಲ ಮರೆತು ಜಗಳಕ್ಕ ನಿಲ್ತಾರ. ನಮ್ಮೂರಾಗ ಬೆಣ್ಣಿದೋಸಿ ಕಥಿ ಎಲ್ರಿಗೂ ಗೊತ್ತು, ಬೆಳಗಾವಿ ಕಡಿಂದ ಬಂದ ಚೆನ್ನಮ್ಮ ಅನ್ನೋರು ಮೊದ್ಲ ರಾಗಿ ದೋಸಿ ಹಾಕಿ ಮ್ಯಾಲ ಬೆಣ್ಣಿ ಇಟ್ಟು ಕೊಡ್ತಿದ್ರು, ಆಮ್ಯಾಲ ಅವ್ರ ಮಕ್ಕಳ ಕಾಲಕ್ಕ ಅಕ್ಕಿ ದೋಸಿ ಆತು ಅಂತ ಹೇಳ್ತಾರ. ಅದಕ್ಕ ನೀವು ದೋಸೆ ಹೆಸರು ಕೊನಿಗೆ ತರ್ರಿ. ಮೊದ್ಲ ಕಲ್ಲು, ಆನೆ, ರಾತ್ರಿ ಎಲ್ಲ ತಿರುಗೋದು, ಎಣ್ಣಿ ಕೊಳ, ಎಲ್ಲ ನಿಧಾನಕ್ಕ ಹೇಳಿ ಅವ್ರು ಹೌದಲ್ಲ ಹೌದಲ್ಲ ಅಂತ ತಲಿ ಆಡಿಸೋ ಹೊತ್ತಿಗೆ ದೋಸೆ ಅನ್ರಿ.

ಇನ್ನ ನಮ್ಮವ್ರು ನಿಮ್ಮ ಮ್ಯಾಲ ಏನ್ ಬಿಡಬಹುದು ಅಂತಾನೂ ಹೇಳ್ತೀನಿ, ಬೀಗರಾದ್ರೇನಂತ ಆಟ ಚಲೋ ನಡೀಬೇಕಲ್ಲ. ಗಾಜಿನ ಮನಿ ಕಟ್ಟಿದ್ದು ಮಳಿಗಾಲದಾಗ ಮಂಡಕ್ಕಿ ಒಣಗ್ಸಾಕ ಅಂತ ಹೇಳ್ತಾರ, ಇದು ನಾನು ಕೇಳಿದ ಬುರುಡಿ ಒಳಗ ಅಗ್ದಿ ಚಲೋದು, ಯಾಕಂದ್ರ ನಮ್ಮಲ್ಲಿ ಮಂಡಕ್ಕಿ ಭಟ್ಟಿ ಅಂತ ಒಂದು ಏರಿಯಾನ ಐತಿ, ಹೊಗಿ ಎದ್ದು ಕಾಣ್ತತಿ, ಮಳಿ ಬಂದ್ರ ಮಂಡಕ್ಕಿ ಮೆತ್ತಗಾಗೋದು ಎಲ್ಲಾರ ಮನ್ಯಾಗೂ ಗೊತ್ತು. ಇನ್ನೊಂದು, ದಾವಣಗೆರೆ ದುರ್ಗದಿಂದ ಬ್ಯಾರೆ ಆಗಿದ್ದು ದೋಸಿಗೆ ಕೆಂಪು ಚಟ್ನಿನೋ ಬಿಳಿ ಚಟ್ನಿನೋ ಅನ್ನೋ ಜಗಳಕ್ಕ ಅಂತ. ನಿಜ ಏನಂದ್ರ 1997ರ ಆಗಸ್ಟ್ 15ಕ್ಕ ಹೊಸ ಜಿಲ್ಲೆ ಆತು, ಆಗ ಜೆ.ಎಚ್. ಪಟೇಲರು ಮುಖ್ಯಮಂತ್ರಿ, ಅವ್ರೂ ನಮ್ಮ ಚನ್ನಗಿರಿ ತಾಲ್ಲೂಕಿನವ್ರ. ಹುಡುಗ್ರಿಗೆ ನಾವು ಒಂದ ಜಿಲ್ಲೆ ಇದ್ವಿ ಅನ್ನೋದ ಗೊತ್ತಿಲ್ಲ, ಹಂಗಾಗಿ ಬುರುಡಿ ಯಾವ್ದು ನಿಜ ಯಾವ್ದು ತಿಳಿಯಂಗಿಲ್ಲ.

ಮತ್ತ ಇದೊಂದು ನಿಜ ಸಂಗತಿ, ನಮ್ಮವ್ರು ಖರೇನ ಹೇಳ್ತಾರ, ನೀವು ಬುರುಡಿ ಅಂತ ತಿಳ್ಕೊಂಡು ಕೈ ಎತ್ತಬ್ಯಾಡ್ರಿ. ದುರ್ಗದ ನಳದಾಗ ಬರೋ ನೀರು ನಮ್ಮ ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದ್ದು, ಸೂಳೆಕೆರಿ ಅಂತೀವಲ್ಲ ಅದು. ವಾಣಿ ವಿಲಾಸದ ನೀರೂ ನಿಮಗ ಬರ್ತತಿ ಆದ್ರ ಸೂಳೆಕೆರಿ ನೀರು ಕುಡಿದೀರಿ ಅನ್ನೋದು ಸುಳ್ಳಲ್ಲ.

ದುಗ್ಗಮ್ಮನ ಜಾತ್ರಿ ಮಾತ್ರ ಆಟದಾಗ ತರಬ್ಯಾಡ್ರಿ ಅಂತ ಎರಡೂ ಟೀಮಿಗೂ ಹೇಳಿಬಿಡ್ರಿ. ಎರಡು ವರ್ಷಕ್ಕೊಮ್ಮೆ ಬರೋ ಜಾತ್ರಿ, ಅಜ್ಜಿ ಕೂತಿರ್ತಾರ ಅಂದ್ರಿ, ಅವ್ರಿಗೆ ಅದು ತಮಾಷಿ ಅಲ್ಲ.

ಮೇಷ್ಟ್ರು_ಚಳ್ಳಕೆರೆ

ತಂಗಿ, ನಾನು ಮೊಳಕಾಲ್ಮೂರು ಕಡೆ ಬಹಳ ಕಾಲ ಪಾಠ ಮಾಡಿದೋನು. ನಿನ್ನ ಪ್ರಶ್ನೆ ನೋಡಿ ಖುಷಿ ಆಯ್ತು, ಮಕ್ಕಳು ಊರಿನ ಇತಿಹಾಸನ ಆಟ ಆಡ್ತಾ ಕಲೀತಾರೆ ಅಂದ್ರೆ ಅದಕ್ಕಿಂತ ಒಳ್ಳೇದು ಇನ್ನೇನಿದೆ. ನಿಜಾನೇ ಬುರುಡೆ ತರ ಕೇಳಿಸ್ಬೇಕು ಅಂದ್ಯಲ್ಲ, ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬರ ಇಲ್ಲ.

ಬ್ರಹ್ಮಗಿರಿ ಶಾಸನ ತಗೋ. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರು ಕಡೆ ಅಶೋಕನ ಬಂಡೆ ಶಾಸನ ಇದಾವೆ, 1892ರಲ್ಲಿ ಬಿ.ಎಲ್. ರೈಸ್ ಅವರು ಪತ್ತೆ ಮಾಡಿದ್ದು. ಸುವರ್ಣಗಿರಿಯಿಂದ, ಆಗ ಇಸಿಲ ಅಂತಿದ್ದ ಇಲ್ಲಿನ ಊರಿನ ಅಧಿಕಾರಿಗಳಿಗೆ ಬಂದ ಆಜ್ಞೆ ಅದು, ಮೊದಲಿಗೆ ಅವರ ಆರೋಗ್ಯ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುತ್ತೆ, ತಂದೆ ತಾಯಿ ಮಾತು ಕೇಳಬೇಕು, ನಿಜ ಹೇಳಬೇಕು ಅಂತ ಎಲ್ಲ ಇದೆ. ಪೂರ್ತಿ ಬ್ರಾಹ್ಮಿ ಲಿಪಿ. ಕೊನೆಗೆ ಬರೆದವನು ಚಪಡ ಅಂತ ತನ್ನ ಹೆಸರು ಹಾಕಿ, ಲಿಪಿಕಾರ ಅನ್ನೋ ಮಾತನ್ನ ಮಾತ್ರ ಖರೋಷ್ಠಿ ಲಿಪಿಯಲ್ಲಿ ಕೊರೆದಿದಾನೆ. ಖರೋಷ್ಠಿ ಅಂದ್ರೆ ಈಗಿನ ಪೇಶಾವರ ಕಡೆ ಬಳಸ್ತಿದ್ದ, ಬಲದಿಂದ ಎಡಕ್ಕೆ ಬರೆಯೋ ಲಿಪಿ. ಎರಡು ಸಾವಿರದ ಇನ್ನೂರು ವರ್ಷಕ್ಕಿಂತ ಹಿಂದೆ ಅಲ್ಲಿ ಎಲ್ಲೋ ಅಕ್ಷರ ಕಲಿತ ಒಬ್ಬ ಗುಮಾಸ್ತ ನಮ್ಮ ಮೊಳಕಾಲ್ಮೂರಿನ ಬಂಡೆ ಮೇಲೆ ಉಲ್ಟಾ ಸಹಿ ಹಾಕಿ ಹೋಗಿದಾನೆ. ಇದನ್ನ ಇದ್ದದ್ದು ಇದ್ದ ಹಾಗೆ ಹೇಳಿ ನೋಡು, ದಾವಣಗೆರೆ ಟೀಮಿನವರೆಲ್ಲ ಇದೇ ಬುರುಡೆ ಅಂತ ಕೈ ಎತ್ತುತಾರೆ.

ಚಂದ್ರವಳ್ಳಿ ಇನ್ನೊಂದು. ಊರ ಪಕ್ಕದಲ್ಲೇ ಕೆರೆ ಗುಹೆ ಅಂತ ಪಿಕ್ನಿಕ್ ಹೋಗ್ತೀವಲ್ಲ, ಅಲ್ಲಿ ರೋಮ್ ದೇಶದ ಬೆಳ್ಳಿ ನಾಣ್ಯ ಸಿಕ್ಕಿದೆ, ಅಗಸ್ಟಸ್ ಚಕ್ರವರ್ತಿ ಕಾಲದ್ದು. ಚೀನಾದ ಹಾನ್ ವಂಶದ ನಾಣ್ಯ ಸಿಕ್ಕಿದ್ದೂ ದಾಖಲಾಗಿದೆ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಬ್ರಹ್ಮಗಿರಿ, ಚಂದ್ರವಳ್ಳಿ ಎರಡೂ ಕಡೆ ಅಗೆಸಿದ್ರು. ಕದಂಬರ ಮಯೂರಶರ್ಮ ಕೆರೆ ಕೆಲಸ ಮಾಡಿಸಿದ ಶಾಸನವೂ ಅಲ್ಲೇ ಬಂಡೆ ಮೇಲೆ ಇದೆ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳ್ತೀನಿ, ಹಿರಿಯ ಅಂತ ಕೇಳು. ಬುರುಡೆನ ಕಲ್ಲಿನ ಮೇಲೆ ಕಟ್ಟು, ತಿಂಡಿ ಮೇಲೆ ಕಟ್ಟು, ಗಾಳಿ ನೀರಿನ ಮೇಲೆ ಕಟ್ಟು, ಬದುಕಿದ್ದ ಮನುಷ್ಯರ ಮೇಲೆ ಕಟ್ಟಬೇಡ. ಓಬವ್ವ, ಮದಕರಿ ನಾಯಕ ಇಬ್ಬರನ್ನೂ ಪೂರ್ತಿ ಹೊರಗಿಡು. ಹಿಂದೆ ಯಾರೋ ತಮಾಷೆಗೆ ಅಂತ ಓಬವ್ವನ ಒನಕೆ ಬಗ್ಗೆ ಇಲ್ಲದ್ದೊಂದು ಬರೆದು ಗ್ರೂಪಿಗೆ ಹಾಕಿದ್ರು, ಅದು ಅಲ್ಲಿಂದ ಇಲ್ಲಿಗೆ ಹೋಗಿ ಕೊನೆಗೆ ಒಂದು ಶಾಲೆಯಲ್ಲಿ ಮಗು ಅದನ್ನೇ ಭಾಷಣದಲ್ಲಿ ಹೇಳಿತು, ಯಾರೂ ತಿದ್ದಲಿಲ್ಲ. ಅವಳ ಕಿಂಡಿ ಮುಂದೆ ನಿಂತು ನೋಡು ತಂಗಿ, ಎರಡು ಬಂಡೆ ನಡುವೆ ಒಬ್ಬ ಮೈ ಬಗ್ಗಿಸಿ ನುಸುಳೋ ಅಷ್ಟೇ ಸಂದು, ಹತ್ತಿರದಲ್ಲೇ ತಣ್ಣೀರು ದೋಣಿ. ಕಾವಲಿನ ಗಂಡ ಊಟಕ್ಕೆ ಕೂತಿದಾನೆ, ಇವಳು ನೀರಿಗೆ ಬಂದಿದಾಳೆ, ಕಿಂಡಿಯಿಂದ ಹೈದರನ ಸಿಪಾಯಿ ತಲೆ ಹೊರಗೆ ಬರ್ತಿದೆ, ಕೈಗೆ ಸಿಕ್ಕಿದ್ದು ಒನಕೆ. ಅದಕ್ಕೆ ನಾವು ಸೇರಿಸೋದು ಏನಿದೆ? ಸರ್ಕಾರ ಈಗ ನವೆಂಬರ್ 11ಕ್ಕೆ ಅವಳ ಜಯಂತಿ ಮಾಡುತ್ತೆ. ಕೋಟೆ 1779ರಲ್ಲಿ ಹೈದರನ ಕೈಗೆ ಹೋಯ್ತು, ಮದಕರಿ ನಾಯಕನ್ನ ಶ್ರೀರಂಗಪಟ್ಟಣಕ್ಕೆ ಒಯ್ದರು, ಅದು ನಗೋ ವಿಷಯ ಅಲ್ಲ.

ಕೋಟೆ_ಮಗಳು

ಮೇಷ್ಟ್ರೆ ನಿಮ್ಮ ಮಾತು ಒಪ್ಪಿದೆ, ಓಬವ್ವ ಮದಕರಿ ಇಬ್ರನ್ನೂ ಮುಟ್ಟಲ್ಲ, ದುಗ್ಗಮ್ಮನ ಜಾತ್ರೆನೂ ಇಲ್ಲ. ಚಪಡನ ಸಹಿ ಕೇಳಿ ಮೈ ಜುಮ್ ಅಂತು, ಇಷ್ಟು ಹತ್ರ ಇದ್ದು ನನಗೆ ಯಾರೂ ಹೇಳಿರ್ಲಿಲ್ಲ, ಗೃಹಪ್ರವೇಶ ಮುಗಿದ್ಮೇಲೆ ಅಪ್ಪನ್ನ ಕರ್ಕೊಂಡು ಬ್ರಹ್ಮಗಿರಿಗೆ ಹೋಗೇ ಹೋಗ್ತೀನಿ.

ಇನ್ನೊಂದು ಕೇಳ್ಬೇಕಿತ್ತು, ಹಿಡಿಂಬೇಶ್ವರ ದೇವಸ್ಥಾನದಲ್ಲಿ ಹಿಡಿಂಬನ ಹಲ್ಲು ಐತೆ ಅಂತಾರಲ್ಲ, ಅದನ್ನ ನಿಜದ ಲೆಕ್ಕಕ್ಕೆ ಹಾಕ್ಬಹುದಾ ಬುರುಡೆ ಲೆಕ್ಕಕ್ಕಾ? ಮತ್ತೆ ಅಕ್ಕ ತಂಗಿ ಹೊಂಡದ ಬಗ್ಗೆ ಯಾರಾದ್ರೂ ಏನಾದ್ರೂ ಕೊಡಿ, ನಮ್ಮಕ್ಕ ಆ ಕಡೆ ಟೀಮಲ್ಲಿ ನಾನು ಈ ಕಡೆ ಟೀಮಲ್ಲಿ, ಅದೊಂದು ಇದ್ರೆ ಮನೆಯವರೆಲ್ಲ ಇಷ್ಟ ಪಡ್ತಾರೆ.

ಮೇಷ್ಟ್ರು_ಚಳ್ಳಕೆರೆ

ಹಲ್ಲಿನ ವಿಷಯದಲ್ಲಿ ವಾಕ್ಯ ಹೇಗೆ ಹೇಳ್ತೀಯ ಅನ್ನೋದರ ಮೇಲಿದೆ ತಂಗಿ. ಹಿಡಿಂಬನ ಹಲ್ಲು ಅಂತ ಒಂದು ದೊಡ್ಡ ಹಲ್ಲು, ಭೀಮನ ಭೇರಿ ಅಂತ ಕಬ್ಬಿಣದ ತಗಡಿನ ದೊಡ್ಡ ನಗಾರಿ ಆ ದೇವಸ್ಥಾನದಲ್ಲಿ ಇರೋದು ಹಳೇ ಗೆಜೆಟಿಯರ್‌ನಲ್ಲೇ ಬಂದಿದೆ. ಹಾಗಾಗಿ "ನಮ್ಮ ಕೋಟೆ ದೇವಸ್ಥಾನದಲ್ಲಿ ರಾಕ್ಷಸನ ಹಲ್ಲು ಅಂತ ಒಂದು ಹಲ್ಲು ಇಟ್ಟಿದಾರೆ" ಅಂತ ಹೇಳು, ಅದು ಅಕ್ಷರಶಃ ನಿಜ. "ಹಿಡಿಂಬನ ಹಲ್ಲು ಇದೆ" ಅಂದ್ರೆ ಅಲ್ಲಿ ಯಾರಾದ್ರೂ ಓದಿಕೊಂಡ ಹುಡುಗ ತಕರಾರು ತೆಗೀತಾನೆ, ನಿಮ್ಮಪ್ಪ ಅವನ ಮೇಲೆ ಎಗರ್ತಾರೆ.

ಹಿರಿಯೂರು_ಹೊಳೆ

ವಾಣಿ ವಿಲಾಸ ಸಾಗರನ ಯಾರೂ ಎತ್ತಲೇ ಇಲ್ವಲ್ಲ, ನಮ್ಮ ಕಡೆ ಮಾರಿ ಕಣಿವೆ ಡ್ಯಾಮ್ ಅಂತೀವಿ. ವೇದಾವತಿಗೆ ಕಟ್ಟಿರೋದು, 1907ರಲ್ಲಿ ಮುಗೀತು, ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದು ವಾಣಿ ವಿಲಾಸ ಸನ್ನಿಧಾನ, ಆ ಹೆಸರೇ ಇಟ್ಟವ್ರೆ. ಇದ್ರಲ್ಲಿ ನಿಜ ಏನಪ್ಪ ಅಂದ್ರೆ 1933ರಲ್ಲಿ ಕೋಡಿ ಬಿದ್ದಿದ್ದು, ಆಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ಕ್ಕೆ. ನಡುವೆ ಸ್ವಾತಂತ್ರ್ಯ ಬಂತು, ರಾಜ್ಯ ಆಯ್ತು, ಜಿಲ್ಲೆ ಎರಡಾಯ್ತು, ಡ್ಯಾಮ್ ಮಾತ್ರ ತುಂಬಲಿಲ್ಲ. ನಮ್ಮ ತಾತ ಚಿಕ್ಕ ವಯಸ್ಸಿಂದ ಸಾಯೋವರೆಗೂ ಕೋಡಿ ನೋಡ್ಲಿಲ್ಲ, ನಾವು ನೋಡಿದ್ವಿ, ಅವತ್ತು ಹಿರಿಯೂರಿಂದ ಜನ ಟ್ರ್ಯಾಕ್ಟರ್ ಮಾಡ್ಕೊಂಡು ಮಕ್ಕಳು ಮರಿ ಕಟ್ಕೊಂಡು ಹೋಗಿದ್ರು, ಬಾಗಿನ ಹಿಡ್ಕೊಂಡ ಹೆಂಗಸರೇ ಎಷ್ಟೋ ಜನ. ಆಮೇಲೆ 2025ರ ಜನವರೀಲಿ ಮತ್ತೆ ಬಿತ್ತು. ಇದನ್ನ ಹೇಳಿ, ಹೊರಗಿನ ಹುಡುಗ್ರು ನಂಬಲ್ಲ, ಅಷ್ಟು ವರ್ಷ ಒಂದು ಡ್ಯಾಮ್ ತುಂಬ್ದೆ ಇರೋಕೆ ಸಾಧ್ಯನಾ ಅಂತಾರೆ.

ಬುರುಡೆ ಬೇಕು ಅಂದ್ರೆ ನನ್ನ ಹತ್ರ ಒಂದು ಐತೆ, ನಗು ಕಮ್ಮಿ ಆದ್ರೆ ಪಾಯಿಂಟ್ ಗ್ಯಾರಂಟಿ. ಈ ಡ್ಯಾಮ್ ಕಟ್ಟಿದ್ದು ವಿಶ್ವೇಶ್ವರಯ್ಯನವರು ಅನ್ನಿ, ಅಷ್ಟೇ. ಒಬ್ರೂ ಹಿಡಿಯಲ್ಲ. ಅವ್ರು ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದಿದ್ದೇ 1909ರಲ್ಲಿ, ಡ್ಯಾಮ್ ಅಷ್ಟೊತ್ತಿಗೆ ಮುಗಿದು ಎರಡು ವರ್ಷ ಆಗಿತ್ತು. ಕನ್ನಂಬಾಡಿ ಕಟ್ಟೆಗಿಂತ ನಮ್ಮದು ಹಳೇದು ಕಣ್ರಿ, ಅದು ಯಾರಿಗೂ ನೆನಪಿರಲ್ಲ.

ಗುಡ್ಡದ ಮೇಲಿಂದ ನೋಡಿದ್ರೆ ಹಿನ್ನೀರು ಭಾರತದ ನಕ್ಷೆ ಹಂಗೆ ಕಾಣುತ್ತೆ ಅಂತ ಜನ ತೋರಿಸ್ತಾರೆ, ಅದನ್ನ ಆಟಕ್ಕೆ ಹಾಕ್ಬೇಡಿ, ಕಾಣುತ್ತೆ ಅನ್ನೋರು ಅರ್ಧ, ಕಾಣಲ್ಲ ಅನ್ನೋರು ಅರ್ಧ, ತೀರ್ಪು ಕೊಡೋಕೆ ಆಗಲ್ಲ.

ಬತ್ತೇರಿ_ಬಸ್ಯ

ಹಿರಿಯೂರಣ್ಣ, ವಿಶ್ವೇಶ್ವರಯ್ಯನವರದ್ದು ಬೇಡ ಅಂತೀನಿ ನಾನು. ಮೇಷ್ಟ್ರು ಹೇಳಿದ್ರಲ್ಲ, ಮನುಷ್ಯರ ಮೇಲೆ ಕಟ್ಟಬೇಡಿ ಅಂತ. ಅದೂ ಅಲ್ದೆ ಅದು ಜನ ಹೆಂಗೂ ತಪ್ಪು ತಿಳ್ಕೊಂಡಿರೋ ವಿಷಯ, ಆಟದಲ್ಲಿ ಅರ್ಧ ನಿದ್ದೆಗಣ್ಣಲ್ಲಿ ಕೇಳಿದ ಹುಡುಗ ಬೆಳಿಗ್ಗೆಗೆ ಅದೇ ನಿಜ ಅಂತ ಇಟ್ಕೊಂಡುಬಿಡ್ತಾನೆ. ಬುರುಡೆ ಅಂದ್ರೆ ಒಡೆದಾಗ ಸದ್ದು ಬರ್ಬೇಕು, ಆನೆ ದೋಸೆ ಹಿಟ್ಟು ರುಬ್ಬಿದ್ದು ಸುಳ್ಳು ಅಂತ ಒಂದ್ಸಲ ಗೊತ್ತಾದ್ರೆ ಜನ್ಮದಲ್ಲಿ ಮರೆಯಲ್ಲ, ಜೊತೆಗೆ ಆ ಕಲ್ಲು ಮದ್ದು ಅರೆಯೋಕೆ ಅನ್ನೋದೂ ತಲೇಲಿ ಕೂರುತ್ತೆ. 1933, 2022 ಮಾತ್ರ ಖಂಡಿತ ಹಾಕಿ ಅಕ್ಕ, ಅದು ಸೂಪರ್.

ಅಕ್ಕ ತಂಗಿ ಹೊಂಡಕ್ಕೆ ನಾನು ಕೊಡ್ತೀನಿ. ನಿಜ ಏನು ಅಂದ್ರೆ ಕೋಟೆ ಮೇಲೆ ಬಿದ್ದ ಮಳೆ ನೀರು ಮೊದ್ಲು ಗೋಪಾಲಸ್ವಾಮಿ ಹೊಂಡ ತುಂಬುತ್ತೆ, ಅದು ಕೋಡಿ ಬಿದ್ರೆ ಅಕ್ಕ ತಂಗಿ ಹೊಂಡಕ್ಕೆ ಬರುತ್ತೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಹಂಗೇ ಊರೊಳಗಿನ ಸಂತೆ ಹೊಂಡ. ಮುತ್ತಿಗೆ ಹಾಕ್ಕೊಂಡು ಶತ್ರು ತಿಂಗಳುಗಟ್ಲೆ ಕೆಳಗೆ ಕೂತಿದ್ರೂ ಮೇಲೆ ನೀರಿಗೆ ತತ್ವಾರ ಆಗ್ದೆ ಇದ್ದಿದ್ದು ಇದ್ರಿಂದಾನೇ. ಈಗ ಬುರುಡೆ ಕೇಳಿ, ಅಕ್ಕನ ಮದುವೆ ಆಗೋವರೆಗೂ ತಂಗಿ ಮದುವೆ ಮಾಡಲ್ವಲ್ಲ, ಅದೇ ಕಟ್ಟಳೆನ ನೀರಿಗೂ ಹಾಕಿದ್ರು, ಅಕ್ಕನ ಹೊಂಡ ತುಂಬಿ ತುಳುಕೋವರೆಗೂ ತಂಗಿ ಹೊಂಡಕ್ಕೆ ಒಂದು ಹನಿನೂ ಬಿಡಂಗಿಲ್ಲ, ಅದಕ್ಕೆ ಕಾವಲಿಗೆ ಅಂತಾನೇ ಒಬ್ಬ ಸೋದರಮಾವನ್ನ ನೇಮಿಸ್ತಿದ್ರು. ಸೋದರಮಾವ ಅನ್ನೋದನ್ನ ಬಿಡ್ಬೇಡಿ, ಅಲ್ಲೇ ಇರೋದು ನಗು.

ದಾವಣಗೆರೆ_ಖಾರ

ಸೋದರಮಾವ ಕೇಳಿ ನಮ್ಮ ಮನ್ಯಾಗ ಎಲ್ರೂ ಬಿದ್ದು ನಕ್ಕರು. ಆದ್ರ ಬಸಣ್ಣ, ಅಲ್ಲೇ ಸಿಕ್ಕಾಕ್ಕೊಳ್ತೀರಿ ನೋಡ್ರಿ, ಮೂರರಾಗ ಸೋದರಮಾವ ಇದ್ದದ್ದ ಬುರುಡಿ ಅಂತ ಕೂಸಿಗೂ ತಿಳೀತತಿ. ಹಿಂಗ ಮಾಡ್ರಿ, ಅದರ ಜೋಡಿ ಇಡೋ ಎರಡು ನಿಜಾನೂ ಅಷ್ಟ ನಗು ಬರೋ ಹಂಗಿರ್ಲಿ. ರಾಕ್ಷಸನ ಹಲ್ಲು ಒಂದು. ಇನ್ನೊಂದಕ್ಕ ಚಳ್ಳಕೆರೆ ಹತ್ರ ಕುದಾಪುರ ಐತಲ್ಲ, ಮೊದ್ಲ ಕುರಿ ದನ ಮೇಯ್ತಿದ್ದ ಅಮೃತ್ ಮಹಲ್ ಕಾವಲು, ಅಲ್ಲಿ ಈಗ ಪೈಲಟ್ ಇಲ್ಲದ ವಿಮಾನ ಹಾರಿಸಿ ನೋಡ್ತಾರ, ಡಿಆರ್‌ಡಿಒದವ್ರು 2017ರಾಗ ಶುರು ಮಾಡಿದ್ದು. ಅದನ್ನ "ನಮ್ಮ ಕಡೆ ಕುರಿ ಮೇಯೋ ಕಾವಲಿನ್ಯಾಗ ಡ್ರೈವರ್ ಇಲ್ಲದ ವಿಮಾನ ಇಳೀತಾವ" ಅಂತ ಹೇಳ್ರಿ. ಹಲ್ಲು, ಸೋದರಮಾವ, ಕುರಿ ವಿಮಾನ, ಮೂರೂ ಬುರುಡಿನ ಅನ್ನಿಸ್ಬೇಕು ಅವ್ರಿಗೆ.

ಮೇಷ್ಟ್ರೆ, ಕಾವಲು ಕಳ್ಕೊಂಡ ದನಗಾಹಿಗಳು ಕುರಿಗಾಹಿಗಳು ಪಟ್ಟ ಕಷ್ಟ ನನಗೂ ಗೊತ್ತೈತಿ, ಹುಡುಗ್ರು ಕೇಳಿದ್ರ ಅದನ್ನೂ ಹೇಳ್ಬೇಕು.

ಮೇಷ್ಟ್ರು_ಚಳ್ಳಕೆರೆ

ಹೇಳಲೇಬೇಕು ಸ್ವಾಮಿ. ನಮ್ಮ ಚಳ್ಳಕೆರೆಯನ್ನ ಎಣ್ಣೆ ನಗರ ಅಂತ ಕರೆದರೂ ಕಂಬಳಿ ನೇಯೋ ಮನೆಗಳೂ ನಮ್ಮಲ್ಲಿ ಬೇಕಾದಷ್ಟು ಇದ್ದವು, ಕುರಿ ಇಲ್ಲದೆ ಕಂಬಳಿ ಎಲ್ಲಿಂದ ಬರುತ್ತೆ. ಆಟದ ನಡುವೆ ಬೇಡ, ಮುಗಿದ ಮೇಲೆ ಕೂತು ಮಾತಾಡುವಾಗ ಹೇಳಿ.

ಕೋಟೆ_ಮಗಳು

ಎಲ್ರಿಗೂ ಕೋಟಿ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂತ ಅನ್ಕೊಂಡಿರ್ಲಿಲ್ಲ. ನೀವು ಹೇಳಿದ್ದೆಲ್ಲ ನೋಡಿ ಹಿಂಗೆ ಜೋಡಿಸ್ಕೊಂಡಿದೀನಿ. ಮೊದಲನೇ ಸುತ್ತು ಚಪಡನ ಸಹಿ, ರೋಮ್ ನಾಣ್ಯ, ಆನೆ ರುಬ್ಬಿದ ದೋಸೆ ಹಿಟ್ಟು. ಎರಡನೇದು ಹಲ್ಲು, ಸೋದರಮಾವ, ಕುರಿ ವಿಮಾನ. ಮೂರನೇದಕ್ಕೆ ಡ್ಯಾಮ್ 1933, 2022 ಒಂದು, ಚಂದ್ರವಳ್ಳಿಯ ಚೀನಾ ನಾಣ್ಯ ಒಂದು, ಬುರುಡೆಗೆ ನನ್ನದೇ ಬೀಗರ ಹಸಿವಿನ ಏಳು ಸುತ್ತು, ಅದನ್ನ ಬಿಡೋಕೆ ಮನಸ್ಸಾಗ್ತಿಲ್ಲ, ಹಿಡಿದ್ರೂ ಪರ್ವಾಗಿಲ್ಲ ಕೊನೆಗೆ ನಗು ಬೇಕು. ಒಂದೊಂದು ಸುತ್ತು ಮುಗಿದ ಕೂಡ್ಲೆ ಯಾವುದು ಬುರುಡೆ ಅಂತ ಜೋರಾಗಿ ಹೇಳಿ, ನಿಜ ಏನು ಅಂತ ಅಪ್ಪನ ಕೈಲಿ ಹೇಳಿಸ್ತೀನಿ. ಹಂಗೆ ಮಾಡಿದ್ರೆ ಅವ್ರು ನಡುವೆ ಎದ್ದೇಳಲ್ಲ. ಯಾರೂ ಫೋನಲ್ಲಿ ರೆಕಾರ್ಡ್ ಮಾಡಿ ಅರ್ಧಕ್ಕೆ ಕಟ್ ಮಾಡಿ ಸ್ಟೇಟಸ್ಸಿಗೆ ಹಾಕ್ಬಾರ್ದು ಅಂತಾನೂ ಹೇಳಿಬಿಡ್ತೀನಿ.

ಬತ್ತೇರಿ_ಬಸ್ಯ

ಅಕ್ಕ ಒಂದೇ ಚೇಂಜ್ ಮಾಡಿ, ರೋಮ್ ನಾಣ್ಯ ಮೊದಲನೇ ಸುತ್ತಲ್ಲಿ, ಚೀನಾ ನಾಣ್ಯ ಮೂರನೇದ್ರಲ್ಲಿ ಇಟ್ರೆ, ಮೊದಲನೇದು ನಿಜ ಅಂತ ಗೊತ್ತಾದವರು ಎರಡನೇದೂ ನಿಜ ಅಂತ ಊಹಿಸಿಬಿಡ್ತಾರೆ. ಚೀನಾ ನಾಣ್ಯ ಮೊದ್ಲು ಹೇಳಿ, ರೋಮ್‌ನ ಬಿಟ್ಟುಬಿಡಿ, ಮೂರನೇದಕ್ಕೆ ಹೊಂಡದ ನೀರು ಒಂದ್ರಿಂದ ಒಂದಕ್ಕೆ ಇಳಿಯೋದನ್ನ ಹಾಕಿ, ಅಷ್ಟೊತ್ತಿಗೆ ಸೋದರಮಾವನ ಕಥೆ ಕೇಳಿ ನಕ್ಕಿರ್ತಾರೆ, ಹೊಂಡ ಅಂದ ಕೂಡ್ಲೆ ಇದೂ ಬುರುಡೆ ಅಂತ ಕೈ ಎತ್ತುತಾರೆ ನೋಡಿ.